ವಿಟ್‌ಫೋರ್ಡ್ ಸಾಹೇಬರ ಜಾಗ

ಬೆಳಿಗ್ಗೆ ಆರೂವರೆಗೆ ಒಡೆಸ್ಸಾ ಪರ್ನೆಲ್‌ಗೆ ಒಂದಕ್ಕೆ ಹೋಗಬೇಕು ಅನ್ನಿಸಿತು. ಬಾಗಿಲು ತೆರೆಯುವುದು ಒಂಬತ್ತಕ್ಕೆ. ಎರಡೂವರೆ ಗಂಟೆ ಅವಳಿಗೆ ದೊಡ್ಡದಲ್ಲ. ಕೋಳಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ತಡೆದುಕೊಂಡು ನಿಂತವಳು. ಈಗಿನ ಕೆಲಸ ಸಿಕ್ಕಿದ್ದೂ ಆ ವಿದ್ಯೆಯಿಂದಲೇ.

ಈಗಿನ ಕೆಲಸವೆಂದರೆ ನಿಲ್ಲುವುದು. ವಾಷಿಂಗ್ಟನ್ನಿನಲ್ಲಿ ಸರ್ಕಾರ ಸಭೆ ಕರೆದರೆ ಒಳಗೆ ಹೋಗಲು ಸಾಲು ನಿಲ್ಲಬೇಕು. ಕಂಪನಿಗಳ ಪರವಾಗಿ ಮಾತಾಡುವ ದೊಡ್ಡವರಿಗೆ ನಿಲ್ಲಲು ಪುರುಸೊತ್ತಿಲ್ಲ. ಅವರ ಬದಲಿಗೆ ನಿಲ್ಲಲು ಆಳು ಒದಗಿಸುವ ಏಜೆನ್ಸಿ ಇದೆ. ಆಳುಗಳು ನಾಲ್ಕು ಗಂಟೆಗೆ ಬಂದು ನಿಲ್ಲುತ್ತಾರೆ. ಬಾಗಿಲು ತೆರೆಯುವ ಇಪ್ಪತ್ತು ನಿಮಿಷ ಮುಂಚೆ ಸೂಟು ಹಾಕಿದವರು ಟ್ಯಾಕ್ಸಿಯಿಂದ ಇಳಿದು ಆ ಜಾಗಕ್ಕೆ ಬರುತ್ತಾರೆ. ಆಳು ಪಕ್ಕಕ್ಕೆ ಸರಿಯುತ್ತದೆ. ಗುರುತು ತಪ್ಪಬಾರದೆಂದು ಪ್ರತಿ ಆಳಿನ ಕೊರಳಲ್ಲೂ ಒಂದು ರಟ್ಟು. ರಟ್ಟಿನ ಮೇಲೆ ಸಾಹೇಬರ ಹೆಸರು.

ಒಡೆಸ್ಸಾಳ ಎದೆಯ ಮೇಲೆ ವಿಟ್‌ಫೋರ್ಡ್ ಅಂತ ಬರೆದಿತ್ತು. ಸಾಲಿನಲ್ಲಿ ಅವಳೇ ಮೊದಲು.

ಅವಳ ಹಿಂದೆ ಥರ್ಮನ್. ಎಪ್ಪತ್ತೊಂದು ವರ್ಷ, ಸೈನ್ಯದಲ್ಲಿ ಅಡುಗೆ ಮಾಡಿದವನು, ಮೇಲಿನ ಸಾಲಿನಲ್ಲಿ ಮೂರು ಹಲ್ಲು. ಅವನ ರಟ್ಟಿನಲ್ಲಿ ಹಾರ್ಗ್ರೋವ್ ಅಂತ ಇತ್ತು.

"ವಿಟ್‌ಫೋರ್ಡ್ ಸಾಹೇಬ್ರೇ, ಈ ಸಲ ಲಾಭ ಹೇಗೆ?" ಅಂದ ಥರ್ಮನ್.

"ಏರ್ತಾ ಇದೆ ಹಾರ್ಗ್ರೋವ್ ಸಾಹೇಬ್ರೇ. ಪಾದದಿಂದ ಮೊಣಕಾಲಿಗೆ ಏರಿದೆ ಊತ."

"ನನ್ನ ಷೇರೂ ಹಾಗೇ. ನಿಮ್ಮ ಹಡಗು ಎಲ್ಲಿ ನಿಂತಿದೆ?"

"ಬಸ್ ಸ್ಟ್ಯಾಂಡಲ್ಲಿ."

ಹಿಂದಿದ್ದವರು ನಕ್ಕರು. ಮಾರ್ಚ್ ತಿಂಗಳ ಚಳಿಗೆ ನಗು ಬಿಟ್ಟರೆ ಬೇರೆ ಬೆಂಕಿ ಇರಲಿಲ್ಲ.

ಬಾಗಿಲಿನ ಗಾಜಿಗೆ ಇಲಾಖೆಯ ನೋಟೀಸು ಅಂಟಿಸಿತ್ತು. ದೇಶದ ಹೊಸ ಅಧ್ಯಕ್ಷೆಯ ಆದೇಶದಂತೆ ಇನ್ನು ಮುಂದೆ ಯಾವ ಕಂಪನಿಯ ಪ್ರತಿನಿಧಿಗೂ ಅಧಿಕಾರಿಗಳ ಖಾಸಗಿ ಭೇಟಿ ಇಲ್ಲ. ಹೇಳುವುದೇನಿದ್ದರೂ ಬಹಿರಂಗ ಸಭೆಯಲ್ಲಿ ಹೇಳತಕ್ಕದ್ದು. ಮೊದಲು ಬಂದ ಹತ್ತು ಮಂದಿಗೆ ತಲಾ ಮೂರು ನಿಮಿಷ. ಎಲ್ಲರೂ ಸಾಲಿನಲ್ಲಿ ಬರತಕ್ಕದ್ದು. ಯಾರಿಗೂ ವಿನಾಯಿತಿ ಇಲ್ಲ.

ಥರ್ಮನ್ ದಿನವೂ ಆ ನೋಟೀಸನ್ನು ಗಟ್ಟಿಯಾಗಿ ಓದುತ್ತಿದ್ದ, ಭಾನುವಾರದ ಪಾದ್ರಿಯ ಹಾಗೆ. ಇವತ್ತೂ ಓದಿದ.

"ಯಾರಿಗೂ ವಿನಾಯಿತಿ ಇಲ್ಲ. ಕೇಳಿಸಿತಾ? ಆಯಮ್ಮ ಕಂಪನಿಗಳಿಗೆ ಮೂಗುದಾರ ಹಾಕ್ತೀನಿ ಅಂದ್ಲು. ಹಾಕಿದ್ಲು ನೋಡು."

"ದಾರ ಏನೋ ಹಾಕಿದ್ಲು," ಅಂದಳು ಒಡೆಸ್ಸಾ. "ಮೂಗು ಮಾತ್ರ ನಮ್ದು."

"ನೀನು ಓಟು ಹಾಕಿದ್ದೆ ತಾನೆ?"

"ಹಾಕಿದ್ದೆ. ನಿನಗೇನೀಗ?"

"ನಾನೂ ಹಾಕಿದ್ದೆ. ಬೈತಾ ಇಲ್ಲ. ಮುಂಚೆ ವಾರಕ್ಕೆ ಎರಡು ದಿನ ಕೆಲಸ ಇತ್ತು, ಈಗ ಐದು ದಿನ ಇದೆ. ಆಯಮ್ಮ ಹಿಂದಿನ ಬಾಗಿಲು ಮುಚ್ಚಿದ್ಲು. ಅವರು ಮುಂದಿನ ಬಾಗಿಲನ್ನ ಬಾಡಿಗೆಗೆ ತಗೊಂಡ್ರು. ನನ್ನ ಹೊಟ್ಟೆ ತುಂಬ್ತು. ಇನ್ನು ನಾಲ್ಕು ವರ್ಷ ಆಯಮ್ಮನೇ ಇರ್ಲಿ."

ಒಡೆಸ್ಸಾ ನಗಲಿಲ್ಲ. ಅವಳು ರಸ್ತೆಯ ತುದಿ ನೋಡುತ್ತಿದ್ದಳು.

ಬೇರೆ ದಿನಗಳ ಸಭೆ ಬ್ಯಾಂಕಿನದ್ದೋ, ಔಷಧಿಯದ್ದೋ, ಯಾವುದೋ ಎಣ್ಣೆ ಕೊಳವೆಯದ್ದೋ ಇರುತ್ತಿತ್ತು. ಇವತ್ತಿನದು ಕೋಳಿಯದ್ದು. ಕಾರ್ಖಾನೆಯ ಸರಪಳಿಗೆ ನೇತುಬಿದ್ದು ನಿಮಿಷಕ್ಕೆ ನೂರ ನಲವತ್ತು ಕೋಳಿ ಓಡಬೇಕೋ, ನೂರ ಎಪ್ಪತ್ತೈದೋ ಎಂಬುದು ವಿಷಯ. ಕಂಪನಿಗಳಿಗೆ ನೂರ ಎಪ್ಪತ್ತೈದು ಬೇಕು. ಮುಂದೆ ಸರಪಳಿಯ ವೇಗ ಹೆಚ್ಚಿದರೆ ಹಿಂದೆ ಎಲುಬು ಬಿಡಿಸುವವರ ಕೈಯೂ ಅಷ್ಟೇ ಓಡಬೇಕು. ಹಾಗೆ ಓಡಿ ಓಡಿ ಒಡೆಸ್ಸಾಳ ಬಲಗೈಯ ಮೂರು ಬೆರಳು ಈಗ ಮಡಚುವುದಿಲ್ಲ. ಅಂಗಿಯ ಗುಂಡಿ ಹಾಕಲು ಬಾರದ ಕೈಯನ್ನು ಕಂಪನಿ ಇಟ್ಟುಕೊಳ್ಳಲಿಲ್ಲ.

ಹಿಂದಿನ ದಿನ ಸಂಜೆ ಮಿರ್ಲಾಂಡ್ ಫೋನ್ ಮಾಡಿದ್ದಳು. ಹೈಟಿಯಿಂದ ಬಂದವಳು. ಕೊಲ್ಲಿಯ ಆಚೆ ಅದೇ ಕಾರ್ಖಾನೆಯಲ್ಲಿ ಈಗಲೂ ಕತ್ತರಿ ಹಿಡಿದಿರುವವಳು. ಅಲ್ಲಿನ ಕತ್ತರಿಸುವ ಸಾಲಿನಲ್ಲಿ ಹನ್ನೊಂದು ವರ್ಷ ಒಡೆಸ್ಸಾಳ ಎಡಪಕ್ಕದಲ್ಲಿ ನಿಂತಿದ್ದವಳು.

"ಅಕ್ಕ, ನಾವು ಮೂವತ್ತು ಜನ ಬರ್ತಿದ್ದೀವಿ. ರಾತ್ರಿ ಪಾಳಿ ಮುಗಿಸಿ ಸೀದಾ ಬಸ್ಸು. ಅಧ್ಯಕ್ಷೆ ಹೇಳಿದ್ದಾಳಂತಲ್ಲ, ಯಾರು ಬೇಕಾದ್ರೂ ಮಾತಾಡಬಹುದು ಅಂತ. ನಾನು ಮಾತಾಡ್ತೀನಿ. ಮೂರು ನಿಮಿಷಕ್ಕೆ ಸರಿಯಾಗಿ ಹೇಳೋದು ಕಲ್ತಿದ್ದೀನಿ. ಮಗಳು ಗಡಿಯಾರ ಹಿಡಿದು ಕಲಿಸಿದ್ಲು."

"ಬಾ," ಅಂದಿದ್ದಳು ಒಡೆಸ್ಸಾ. ಅಷ್ಟೇ ಅಂದಿದ್ದಳು. ಮೊದಲ ಜಾಗ ಕೋಳಿ ಉದ್ಯಮಿಗಳ ಸಂಘಕ್ಕೆ ಮಾರಾಟವಾಗಿದೆ, ನಿಲ್ಲುವವಳು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ.

ಎಂಟು ಗಂಟೆ ಹತ್ತು ನಿಮಿಷಕ್ಕೆ ಹಳದಿ ಬಸ್ಸು ಬಂತು. ಚರ್ಚಿನ ಬಸ್ಸು. ಇಳಿದವರ ಕಾಲಲ್ಲಿ ಇನ್ನೂ ರಬ್ಬರ್ ಬೂಟುಗಳಿದ್ದವು. ತಣ್ಣಗಿನ ಕೋಳಿಕೊಬ್ಬಿನ ವಾಸನೆ ಅವರಿಗಿಂತ ಮುಂಚೆ ಸಾಲಿಗೆ ಬಂದು ಸೇರಿತು. ಒಡೆಸ್ಸಾಳ ಮೂಗು ಅದನ್ನು ಮರೆತಿರಲಿಲ್ಲ.

ಮಿರ್ಲಾಂಡ್ ಕುಳ್ಳಿ. ತಲೆಗೆ ನೇರಳೆ ವಸ್ತ್ರ, ಎರಡೂ ಮಣಿಕಟ್ಟಿಗೆ ಪಟ್ಟಿ. ಸಾಲಿನ ಮುಂದುಗಡೆ ಒಡೆಸ್ಸಾಳನ್ನು ಕಂಡು ರಸ್ತೆಯಲ್ಲೇ ಕೂಗಿದಳು.

"ಅಕ್ಕಾ! ನಮಗೋಸ್ಕರ ಮುಂಚೇನೇ ಬಂದು ನಿಂತುಬಿಟ್ಟಿದ್ದೀಯಾ! ನೋಡ್ರೇ, ನಾನು ಹೇಳಿರ್ಲಿಲ್ವಾ ನಮ್ಮ ಒಡೆಸ್ಸಕ್ಕ ಅಂದ್ರೆ ಏನು ಅಂತ?"

ಓಡಿ ಬಂದು ತಬ್ಬಿಕೊಂಡಳು. ರಟ್ಟು ಇಬ್ಬರ ಎದೆಯ ನಡುವೆ ಸಿಕ್ಕಿ ಬಾಗಿತು. ಅದೇನೆಂದು ಹಿಂದೆ ಸರಿದು ಓದಿದಳು.

"ವಿಟ್‌ಫೋರ್ಡ್ ಅಂದ್ರೆ ಯಾರು?"

"ಸಂಘದವರು."

"ಯಾವ ಸಂಘ?"

ಒಡೆಸ್ಸಾ ಪಾದ ನೋಡಿಕೊಂಡಳು. "ಕೋಳಿಯವರ್ದು."

ಮಿರ್ಲಾಂಡ್ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು. ಕೊರಳಿಗೊಂದು ರಟ್ಟು. ಮೊದಲ ಹತ್ತಕ್ಕೆ ಹತ್ತೂ.

"ಹನ್ನೊಂದು ವರ್ಷ ನಿನ್ನ ಕೈಗಳನ್ನ ಅವರಿಗೆ ಕೊಟ್ಟೆ," ಅಂದಳು. "ಕಾಲು ಉಳಿದಿತ್ತು, ಅದನ್ನೂ ಕೊಟ್ಟೆಯಾ ಅಕ್ಕ?"

ಸಿಟ್ಟಿನಲ್ಲಿ ಹೇಳಲಿಲ್ಲ. ನಿಜವಾಗಿಯೂ ಕೇಳಿದಳು. ಉತ್ತರಕ್ಕೆ ಕಾಯದೆ ತನ್ನವರನ್ನು ಕರೆದುಕೊಂಡು ಸಾಲಿನ ಬಾಲಕ್ಕೆ ಹೋದಳು. ಅಲ್ಲಿ ಅವಳದು ಇಪ್ಪತ್ತಮೂರನೇ ಜಾಗ.

ಥರ್ಮನ್ ಕೆಮ್ಮಿದ. "ವಿಟ್‌ಫೋರ್ಡ್ ಸಾಹೇಬ್ರೇ..."

"ಬಾಯಿ ಮುಚ್ಚು," ಅಂದಳು ಒಡೆಸ್ಸಾ.

ಈಗ ಹೊಟ್ಟೆಯ ಕೆಳಗೆ ಕಲ್ಲಿನಂತೆ ಬಿಗಿಯುತ್ತಿತ್ತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು. ಕಾರ್ಖಾನೆಯಲ್ಲೂ ಹೀಗೇ ಬದಲಿಸುತ್ತಿದ್ದಳು. ಅಲ್ಲಿ ಕೈ ಎತ್ತಿ ಕೇಳಬೇಕಿತ್ತು. ಮೇಲ್ವಿಚಾರಕ ಮುಗುಳ್ನಕ್ಕು "ಕೋಳಿ ನಿಲ್ಲಲ್ಲಮ್ಮ" ಅನ್ನುತ್ತಿದ್ದ. ಅರ್ಧದಷ್ಟು ಹೆಂಗಸರು ಮಕ್ಕಳಿಗೆ ಕಟ್ಟುವ ಬಟ್ಟೆ ಕಟ್ಟಿಕೊಂಡು ಬರುತ್ತಿದ್ದರು. ಒಡೆಸ್ಸಾ ಕಟ್ಟಲಿಲ್ಲ. ತನಗೆ ತಡೆಯುವ ಶಕ್ತಿ ಇದೆ ಎಂಬ ಜಂಬ. ಒಂದು ದಿನ ಮೂರು ಸಲ ಕೈ ಎತ್ತಿದಳು, ಮೂರು ಸಲವೂ ಅವನು ಮುಗುಳ್ನಕ್ಕ. ಆಮೇಲೆ ಪ್ಯಾಂಟು ಬೆಚ್ಚಗಾಯಿತು. ಬೂಟಿನೊಳಕ್ಕೆ ಇಳಿಯಿತು. ನಲವತ್ತೇಳು ವರ್ಷದ ಹೆಂಗಸು, ಚರ್ಚಿನ ಗಾಯನದಲ್ಲಿ ಮುಂದಿನ ಸಾಲಿನವಳು. ಕತ್ತರಿ ಆಡಿಸುತ್ತಲೇ ಅತ್ತಳು.

ಆಗ ಎಡಪಕ್ಕದಿಂದ ಮಿರ್ಲಾಂಡ್ ಐಸ್ ನೀರಿನ ದೊಡ್ಡ ಬಕೆಟ್ಟನ್ನು ಒದ್ದಿದ್ದಳು. ಇಬ್ಬರೂ ಸೊಂಟದವರೆಗೆ ತೊಯ್ದರು. "ಕಣ್ಣು ಕಾಣಲ್ವೇನೇ?" ಅಂತ ಮೇಲ್ವಿಚಾರಕ ಮಿರ್ಲಾಂಡ್‌ಗೆ ಬೈದ. ಒದ್ದೆಯಾದ ಇಬ್ಬರಲ್ಲಿ ಯಾರದು ಏನು ಅಂತ ಯಾರಿಗೂ ಗೊತ್ತಾಗಲಿಲ್ಲ. ಮಿರ್ಲಾಂಡ್ ಅದರ ಬಗ್ಗೆ ಇವತ್ತಿನವರೆಗೆ ಒಂದು ಮಾತಾಡಿಲ್ಲ.

ಎಂಟೂ ನಲವತ್ತಕ್ಕೆ ವಿಟ್‌ಫೋರ್ಡ್ ಬಂದರು. ಒಳ್ಳೆಯ ಮನುಷ್ಯ. ಬೂದು ಕೋಟು, ಕೈಯಲ್ಲಿ ಕಾಫಿಯ ದೊಡ್ಡ ಲೋಟ.

"ಗುಡ್ ಮಾರ್ನಿಂಗ್ ಮೇಡಂ. ಇಷ್ಟು ಚಳಿಯಲ್ಲಿ ನಿಂತಿದ್ದೀರಿ, ತುಂಬಾ ಥ್ಯಾಂಕ್ಸ್. ಇನ್ನು ನೀವು ಹೊರಡಬಹುದು."

ಒಡೆಸ್ಸಾ ಕದಲಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಅವರು ರಟ್ಟು ತೋರಿಸಿದರು. "ಅದು ನಾನೇ."

ಅವಳು ರಟ್ಟನ್ನು ಕೊರಳಿಂದ ತೆಗೆದು ಅವರ ಕೈಗೆ ಕೊಟ್ಟಳು. "ತಗೊಳ್ಳಿ ಸರ್. ನಿಮ್ಮ ಹೆಸರು. ಎಲ್ಲೂ ಕೊಳೆ ಆಗಿಲ್ಲ."

"ಸರಿ. ಜಾಗ?"

"ಜಾಗ ಕೊಡಲ್ಲ."

ಥರ್ಮನ್ "ಅಯ್ಯಯ್ಯೋ" ಅಂದ. ಮೆತ್ತಗೆ, ಸಂತೋಷದಿಂದ.

ವಿಟ್‌ಫೋರ್ಡ್ ಸಿಟ್ಟಾಗಲಿಲ್ಲ. ಏಜೆನ್ಸಿಗೆ ಫೋನ್ ಹಚ್ಚಿ, ಫೋನನ್ನು ಒಡೆಸ್ಸಾಳ ಮುಖದ ಮುಂದೆ ಹಿಡಿದರು. ಒಳಗಿಂದ ಡೆರಿಕ್‌ನ ದನಿ ಬಂತು. ಆಳುಗಳನ್ನು ನಿಲ್ಲಿಸುವವನು ಅವನೇ.

"ಮಿಸ್ ಒಡೆಸ್ಸಾ, ಏನು ತಮಾಷೆ ಇದು?"

"ತಮಾಷೆ ಅಲ್ಲಪ್ಪ. ನಾಲ್ಕು ಗಂಟೆಯಿಂದ ನಿಂತಿದ್ದೀನಿ. ಜಾಗ ನಂದು."

"ಜಾಗ ಗಿರಾಕಿದು. ನೀವು ಬರೀ ನಿಲ್ಲೋರು."

"ಹೌದಲ್ವಾ. ಅದಕ್ಕೇ ನಿಂತಿದ್ದೀನಿ."

"ಈಗ ಸರೀಲಿಲ್ಲ ಅಂದ್ರೆ ನಾಳೆಯಿಂದ ಬರೋದು ಬೇಡ. ಊರಲ್ಲಿ ಯಾರೂ ನಿಮ್ಮನ್ನ ನಿಲ್ಸಲ್ಲ. ಯೋಚನೆ ಮಾಡಿ."

ಒಡೆಸ್ಸಾ ಯೋಚನೆ ಮಾಡಿದಳು. ನಾಳೆ ಬೆಳಿಗ್ಗೆ ಏನು, ನಾಡಿದ್ದು ಏನು ಅಂತ ಯೋಚಿಸಿದಳು. ಐವತ್ತೆಂಟು ವರ್ಷ, ಮಡಚದ ಮೂರು ಬೆರಳು. ಈ ಊರಿನಲ್ಲಿ ಅಂಥವರಿಗೆ ನಿಲ್ಲುವುದಕ್ಕಿಂತ ಹಗುರದ ಕೆಲಸ ಇಲ್ಲ. ಅದು ಅವಳಿಗೂ ಗೊತ್ತು, ಡೆರಿಕ್‌ಗೂ ಗೊತ್ತು.

"ಡೆರಿಕ್, ನಿಮ್ಮಮ್ಮ ಚೆನ್ನಾಗಿದ್ದಾರಾ?"

"ಹಾಂ? ಇದ್ದಾರೆ."

"ಕೇಳಿದೆ ಅಂತ ಹೇಳು," ಅಂದು ಫೋನಿನಿಂದ ಮುಖ ತಿರುಗಿಸಿದಳು.

ವಿಟ್‌ಫೋರ್ಡ್ ಬಾಗಿಲ ಕಾವಲಿನವಳನ್ನು ಕರೆದರು. ಅಧಿಕಾರಿ ಡಿಕ್ಸನ್, ಗಟ್ಟಿ ಹೆಂಗಸು. ಸೂಟಿನವರಿಗೆ ಆಳುಗಳು ಜಾಗ ಬಿಟ್ಟುಕೊಡುವುದನ್ನು ದಿನವೂ ನೋಡಿ ನೋಡಿ ಬೇಸತ್ತವಳು.

"ಸರ್, ದಿನಾ ಹೇಳೋದನ್ನೇ ಇವತ್ತೂ ಹೇಳ್ತೀನಿ. ಈ ಜಾಗದಲ್ಲಿ ಯಾರ ಕಾಲಿದೆಯೋ ಅವರ ಹೆಸರು ಬರ್ಕೋತೀನಿ. ಒಬ್ಬರು ಹೋಗಿ ಅವರ ಬದಲಿಗೆ ಇನ್ನೊಬ್ಬರು ನಿಂತ್ರೆ ನಂದೇನೂ ತಕರಾರಿಲ್ಲ. ಚೀಲ ಇಟ್ಟು ಹೋದ್ರೆ ಲೆಕ್ಕಕ್ಕಿಲ್ಲ. ಈ ನಿಯಮ ನಿಮ್ಮ ಅನುಕೂಲಕ್ಕೇ ಇರೋದು ತಾನೆ?"

ವಿಟ್‌ಫೋರ್ಡ್ ಅಲ್ಲೇ ಒಡೆಸ್ಸಾಳ ಪಕ್ಕದಲ್ಲಿ ನಿಂತರು. ಸಾಲಿನ ಹೊರಗೆ, ಪಾದಚಾರಿ ದಾರಿಯ ಮೇಲೆ. ಕಾಫಿ ಕುಡಿದರು. ಅವಳ ಕಾಲು ನೋಡಿದರು. ಆ ಕಾಲು ಒಂದರ ಮೇಲೊಂದು ಹೆಣೆದುಕೊಂಡಿತ್ತು. ಅವರು ಬುದ್ಧಿವಂತರು.

"ಮೇಡಂ," ಅಂದರು, ದನಿ ತಗ್ಗಿಸಿ. "ನಿಮಗೆ ಕಷ್ಟ ಆಗ್ತಿದೆ ಅಂತ ಕಾಣುತ್ತೆ. ಮುಂದಿನ ಬೀದೀಲಿ ಸ್ಯಾಂಡ್‌ವಿಚ್ ಅಂಗಡಿ ಇದೆ. ನೀವು ಆರಾಮಾಗಿ ಹೋಗಿಬನ್ನಿ. ಇಲ್ಲಿ ನಾನು ನಿಂತಿರ್ತೀನಿ."

ಅಂದು ಮುಗುಳ್ನಕ್ಕರು.

ಆ ಮುಗುಳ್ನಗೆಯನ್ನು ಅವಳು ನೋಡಿದ್ದಳು. ಆವತ್ತು ಮೂರು ಸಲ.

"ಹೌದು ಸರ್," ಅಂದಳು ಒಡೆಸ್ಸಾ. ಗಟ್ಟಿಯಾಗಿಯೇ ಅಂದಳು, ಸಾಲಿಗೆಲ್ಲ ಕೇಳುವ ಹಾಗೆ. "ನನಗೆ ಒಂದಕ್ಕೆ ಹೋಗಬೇಕು. ಆರೂವರೆಯಿಂದ ಹೋಗಬೇಕು. ಐವತ್ತೆಂಟು ವರ್ಷದ ಹೆಂಗಸು ಒಂದಕ್ಕೆ ಹೋಗಬೇಕು ಅಂತಿದ್ದಾಳೆ, ಯಾರಿಗಾದ್ರೂ ತಕರಾರಿದೆಯಾ?"

"ಇಲ್ಲ!" ಅಂದಿತು ಸಾಲು.

"ಹೋಗಿ ಮೇಡಂ," ಅಂದರು ವಿಟ್‌ಫೋರ್ಡ್. ಒಂದು ಪಾದ ಆಗಲೇ ಎತ್ತಿದ್ದರು.

ಒಡೆಸ್ಸಾ ಚರ್ಚಿನ ಗಾಯನದ ದನಿ ತೆಗೆದಳು. "ಮಿರ್ಲಾಂಡ್! ಏ ಮಿರ್ಲಾಂಡ್! ಬಾರೇ ಇಲ್ಲಿ, ನಾನು ಹೋಗಿಬರ್ತೀನಿ. ನನ್ನ ಬದಲಿಗೆ ನಿಂತ್ಕೋ!"

ಇಪ್ಪತ್ತಮೂರನೇ ಜಾಗದಿಂದ ನೇರಳೆ ವಸ್ತ್ರ ಓಡಿಬಂತು. ಒಡೆಸ್ಸಾ ಅವಳ ಎರಡೂ ಭುಜ ಹಿಡಿದು, ಪೆಟ್ಟಿಗೆಯನ್ನು ಕಪಾಟಿಗೆ ಇಡುವ ಹಾಗೆ ತನ್ನ ಜಾಗದಲ್ಲಿ ಇಟ್ಟಳು. ಆಮೇಲೇ ತನ್ನ ಪಾದ ತೆಗೆದಳು.

"ಇದು ಅನ್ಯಾಯ!" ಅಂದರು ವಿಟ್‌ಫೋರ್ಡ್. ಮೊದಲ ಸಲ ಅವರ ದನಿ ಏರಿತು. "ಈಕೆ ಸಾಲಿನ ಕೊನೇಲಿದ್ದವಳು!"

"ನೀವು ಸಾಲಿನಲ್ಲೇ ಇಲ್ವಲ್ಲ ಸರ್," ಅಂದಳು ಅಧಿಕಾರಿ ಡಿಕ್ಸನ್.

ಸಾಲು ಹೊಟ್ಟೆ ಹಿಡಿದುಕೊಂಡಿತು. ಬಸ್ಸಿನವರು ನಕ್ಕರು, ರಟ್ಟಿನವರು ನಕ್ಕರು. ಥರ್ಮನ್ ಎಷ್ಟು ನಕ್ಕನೆಂದರೆ ಅವನ ಮೂರೂ ಹಲ್ಲು ಹೊರಗೆ ಬಂದವು.

"ಒಬ್ಬರ ಬದಲಿಗೆ ಇನ್ನೊಬ್ಬರು ನಿಲ್ಲೋದು ನಾವು ಮಾಡಿದ ಪದ್ಧತಿ ಅಲ್ಲ ಸರ್," ಅಂದಳು ಒಡೆಸ್ಸಾ. "ನೀವು ಕಲಿಸಿದ್ದು." ಮುಂದಿನ ಮಾತಿಗೆ ಅವಳಲ್ಲಿ ಸಮಯವಿರಲಿಲ್ಲ. ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತ ಮುಂದಿನ ಬೀದಿಗೆ ಹೋದಳು.

ಅಂಗಡಿಯವನು ಏನಾದರೂ ಕೊಂಡರೆ ಮಾತ್ರ ಶೌಚಾಲಯದ ಬೀಗದ ಕೈ ಅಂದ. ಬಾಳೆಹಣ್ಣು ಕೊಂಡಳು. ಬಾಗಿಲು ಹಾಕಿಕೊಂಡು ಕೂತಳು. ಹೊರಗೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಮುಗಿದ ಮೇಲೂ ಎರಡು ನಿಮಿಷ ಸುಮ್ಮನೆ ಕೂತಿದ್ದಳು. ಕೆಲಸ ಹೋಯಿತು ಎಂಬುದು ಆಗ ನಿಧಾನವಾಗಿ ಮೈಗೆ ಹತ್ತಿತು. ಬಾಳೆಹಣ್ಣು ಸುಲಿಯಲು ಬೆರಳು ಬಾರದೆ ಹಲ್ಲಿನಿಂದ ಕಚ್ಚಿ ಸುಲಿದು ಅಲ್ಲೇ ತಿಂದಳು.

ಹಿಂತಿರುಗುವಾಗ ಒಂಬತ್ತೂ ಹತ್ತು. ಥರ್ಮನ್ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಅವನ ಕೊರಳು ಬರಿದಾಗಿತ್ತು.

"ಬಿಟ್ಟುಕೊಟ್ಟೆಯಾ?"

"ಹಾರ್ಗ್ರೋವ್ ಬಂದ. ಕೊಟ್ಟೆ." ಅವನು ಅವಳ ಮುಖ ನೋಡಲಿಲ್ಲ. "ನನಗೆ ಮೊಣಕಾಲಿನ ಮಾತ್ರೆ ಬೇಕು, ಮಿಸ್ ಒಡೆಸ್ಸಾ."

"ಗೊತ್ತು."

"ನಿನ್ನ ವಿಟ್‌ಫೋರ್ಡ್ ನಾಲ್ಕನೆಯವನ ಜಾಗ ತಗೊಂಡ. ಆ ಜಾಗವೂ ಅವರ ಸಂಘದ್ದೇ ಅಂತೆ. ಹತ್ತರಲ್ಲಿ ಒಂಬತ್ತು ಸೂಟು. ಒಂದು ಬೂಟು."

"ಒಂದು ಇದೆಯಲ್ಲ."

"ಇದೆ. ಹೋಗು, ಶುರುವಾಗ್ತಿದೆ."

ಸಭಾಂಗಣದಲ್ಲಿ ಕುರ್ಚಿ ಉಳಿದಿರಲಿಲ್ಲ. ಒಡೆಸ್ಸಾ ಹಿಂದಿನ ಗೋಡೆಗೆ ಒರಗಿ ನಿಂತಳು. ಎದುರಿನ ವೇದಿಕೆಯಲ್ಲಿ ಐದು ಜನ. ನಡುವೆ ಹಾಲ್ವರ್ಸನ್, ಹೊಸ ಅಧ್ಯಕ್ಷೆ ನೇಮಿಸಿದ ಅಧಿಕಾರಿ. ಕಂಪನಿಗಳಿಗೆ ಹೆದರದವನು ಅಂತ ಪತ್ರಿಕೆಗಳು ಬರೆದಿದ್ದವು. ಚೊಕ್ಕ ಬೆರಳು, ಬಿಳಿ ಅಂಗಿಯ ತೋಳು. ಮುಂದಿನ ಸಾಲಿನಲ್ಲಿ ವಿಟ್‌ಫೋರ್ಡ್, ಹಾರ್ಗ್ರೋವ್, ಇನ್ನೂ ಏಳು ಕೋಟುಗಳು. ಕೋಟುಗಳ ಹಿಂದೆ ಇಪ್ಪತ್ತೊಂಬತ್ತು ಜನ ರಬ್ಬರ್ ಬೂಟು ಹಾಕಿ ಕೂತಿದ್ದರು. ಕೆಲವರು ಆಗಲೇ ತೂಕಡಿಸುತ್ತಿದ್ದರು.

"ಒಂದನೇ ಸಂಖ್ಯೆ," ಅಂದ ಗುಮಾಸ್ತ.

ಮಿರ್ಲಾಂಡ್ ಮೈಕಿನ ಮುಂದೆ ಬಂದಳು. ಮೈಕು ಅವಳ ಹಣೆಗಿತ್ತು. ಬಗ್ಗಿಸಿದಳು. ಮಗಳು ಬರೆದುಕೊಟ್ಟ ಹಾಳೆ ತೆಗೆದಳು. ಹಾಳೆ ನೋಡಿದಳು. ಮಡಚಿ ಜೇಬಿಗೆ ಹಾಕಿದಳು.

"ಸರ್," ಅಂದಳು ಮಿರ್ಲಾಂಡ್, "ಮೂರು ನಿಮಿಷ ಕೊಟ್ಟಿದ್ದೀರಿ. ನನಗೆ ಒಂದು ಸಾಕು. ಆದ್ರೆ ಆ ಒಂದು ನಿಮಿಷ ನೀವೂ ನನ್ನ ಜೊತೆ ಕೆಲಸ ಮಾಡ್ಬೇಕು."

ಹಾಲ್ವರ್ಸನ್ ಕನ್ನಡಕ ಸರಿಮಾಡಿಕೊಂಡ. "ಅರ್ಥ ಆಗ್ಲಿಲ್ಲ ಮೇಡಂ."

"ಕೈ ಎತ್ತಿ. ಹೀಗೆ. ಇದು ಕತ್ತರಿ. ಭುಜದ ಹತ್ರ ಒಂದು ಕೊಯ್ತ, ತಿರುಗ್ಸಿ, ಎಳೀರಿ. ಒಂದು ಕೋಳಿ ಆಯ್ತು. ನಿಮಿಷಕ್ಕೆ ನಲವತ್ತು, ನನ್ನ ಪಾಲಿಗೆ. ಈಗಿನ ವೇಗಕ್ಕೆ. ಹೊಸ ವೇಗಕ್ಕೆ ಐವತ್ತು. ನಾನು ಐವತ್ತಕ್ಕೆ ಎಣಿಸ್ತೀನಿ. ನೀವು ಬರೀ ಕೈ ಆಡಿಸಿ. ಕೋಳಿ ಇಲ್ಲ, ಚಳಿ ಇಲ್ಲ, ಎಲುಬಿಲ್ಲ. ಬರೀ ಗಾಳಿ."

ಹಾಲ್ವರ್ಸನ್ ಮುಂದಿನ ಸಾಲು ನೋಡಿದ. ಒಂಬತ್ತು ಕೋಟು ಅವನನ್ನು ನೋಡಿದವು. ವಿಟ್‌ಫೋರ್ಡ್ ಬೇಡವೆಂಬಂತೆ ಮೆಲ್ಲಗೆ ತಲೆ ಅಲ್ಲಾಡಿಸಿದರು, ಸ್ನೇಹದಿಂದ. ಹಾಲ್ವರ್ಸನ್ ಹಿಂದಿನ ಸಾಲುಗಳನ್ನೂ ನೋಡಿದ. ಆಮೇಲೆ ಮಗುವಿನ ಆಟಕ್ಕೆ ಒಪ್ಪಿದವರ ನಗೆ ನಕ್ಕು ಬಲಗೈ ಎತ್ತಿದ.

"ಒಂದು," ಅಂದಳು ಮಿರ್ಲಾಂಡ್. "ಎರಡು. ಮೂರು. ನಾಲ್ಕು."

ಹಿಂದಿನ ಇಪ್ಪತ್ತೊಂಬತ್ತು ಜನರ ಕೈಯೂ ಎದ್ದವು. ನಿದ್ದೆಯಲ್ಲಿದ್ದವರ ಕೈ ಕೂಡ. ಕೊಯ್, ತಿರುಗಿಸು, ಎಳೆ. ಕೊಯ್, ತಿರುಗಿಸು, ಎಳೆ. ಗೋಡೆಗೆ ಒರಗಿದ್ದ ಒಡೆಸ್ಸಾಳ ಬಲಗೈ ಕೇಳದೆಯೇ ಮೇಲೆದ್ದಿತ್ತು.

ಹನ್ನೊಂದಕ್ಕೆ ಹಾಲ್ವರ್ಸನ್‌ನ ನಗೆ ಹೋಯಿತು. ಹದಿನೈದಕ್ಕೆ ಎಣಿಕೆ ತಪ್ಪಿತು. ಹತ್ತೊಂಬತ್ತಕ್ಕೆ ಕೈ ಇಳಿಸಿ ಮಣಿಕಟ್ಟು ಕೊಡವಿದ.

"ನಿಮ್ಮ ಅಭಿಪ್ರಾಯ ಗೊತ್ತಾಯ್ತು ಮೇಡಂ," ಅಂದ. "ಧನ್ಯವಾದ."

"ಇಪ್ಪತ್ತು," ಅಂದಳು ಮಿರ್ಲಾಂಡ್. "ಇಪ್ಪತ್ತೊಂದು. ಇನ್ನೂ ಮೂವತ್ತಾರು ಸೆಕೆಂಡು ಇದೆ ಸರ್."

ಗುಮಾಸ್ತ ಗಂಟೆಯ ಮೇಲೆ ಕೈಯಿಟ್ಟು ಹಾಲ್ವರ್ಸನ್‌ನ ಮುಖ ನೋಡಿದ. ವಿಟ್‌ಫೋರ್ಡ್ ನೋಡಿದರು. ಒಡೆಸ್ಸಾ ನೋಡಿದಳು. ಸಭಾಂಗಣದಲ್ಲಿ ಮೂವತ್ತೊಂದು ಕೈ ಗಾಳಿಯನ್ನು ಕೊಯ್ಯುತ್ತಿದ್ದವು. ಬಟ್ಟೆ ಸವರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಹಾಲ್ವರ್ಸನ್ ಗುಮಾಸ್ತನಿಗೆ ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ನಿಧಾನವಾಗಿ ಕೈ ಎತ್ತಿದ. ಎಡಗೈ.

"ಅದಲ್ಲ ಸರ್," ಅಂದಳು ಮಿರ್ಲಾಂಡ್. "ಅಲ್ಲಿ ಕೈ ಬದಲಿಸೋ ಹಾಗಿಲ್ಲ. ಬಲಗೈ ಎತ್ತಿ. ಕೋಳಿ ಬರ್ತಾ ಇದೆ."